ಎರಡು ಹೊಳೆಗಳ ನಡುವೆ ನಡೆದು ನೋಡಿ

ಕ್ರಿಸ್ತಜಯಂತಿಯ ಸಡಗರ ಮುಗಿದು ಗೋದಲಿಯ ಹುಲ್ಲು ಒಣಗತೊಡಗಿದಾಗ ನಮ್ಮ ಧರ್ಮಕೇಂದ್ರದ ಯುವಜನರು ಪ್ರತಿ ವರ್ಷವೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಫಾದರ್, ಈ ಸಲ ಟೂರ್ ಎಲ್ಲಿಗೆ?" ಉತ್ತರವನ್ನೂ ಅವರೇ ಜೇಬಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ಗೋವಾ, ಇಲ್ಲವಾದರೆ ಮೈಸೂರು, ಅದೂ ಇಲ್ಲವಾದರೆ ಹಂಪಿ. ಒಮ್ಮೆ ನಾನು, "ಮಸ್ಕಿಗೆ ಹೋಗೋಣ, ಗುಡ್ಡ ಹತ್ತೋಣ" ಎಂದೆ. ಒಂದು ಕ್ಷಣ ಮೌನ. ಆಮೇಲೆ ಹಿಂದಿನ ಸಾಲಿನಿಂದ ಒಂದು ದನಿ: "ಮಸ್ಕ್ಯಾಗ ಏನೈತ್ರಿ ಫಾದರ್? ಬಸ್ ಸ್ಟ್ಯಾಂಡ್ ಐತಿ, ಮಿರ್ಚಿ ಬಜಿ ಐತಿ." ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗು ನಿಂತ ಮೇಲೆ ಸ್ವಲ್ಪ ಬೇಸರವೂ ಆಯಿತೆನ್ನಬೇಕು. ಸಿಂಧನೂರಿನಿಂದ ಮಸ್ಕಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಲಿಂಗಸುಗೂರಿಗೆ ಹೋಗುವ ಪ್ರತಿಯೊಂದು ಬಸ್ಸೂ ಆ ಗುಡ್ಡದ ಮಗ್ಗುಲಲ್ಲೇ ಹಾಯುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ "ಅಶೋಕನ ಹೆಸರಿರುವ ಶಾಸನ ಎಲ್ಲಿದೆ?" ಎಂಬ ಪ್ರಶ್ನೆಗೆ "ಮಸ್ಕಿ" ಎಂದು ಬರೆದು ಒಂದು ಅಂಕ ಪಡೆಯುತ್ತಾರೆ. ಆ ಮಸ್ಕಿಯೂ ತಾವು ಬಜಿ ತಿನ್ನುವ ಮಸ್ಕಿಯೂ ಒಂದೇ ಎಂದು ಅವರಿಗೆ ಯಾಕೋ ಅನ್ನಿಸುವುದಿಲ್ಲ. ಪ್ರಿಯ ಓದುಗರೇ, ತಪ್ಪು ಅವರದಲ್ಲ. ಕರೆದುಕೊಂಡು ಹೋಗಿ ತೋರಿಸದ ನಮ್ಮದು. ಅದಕ್ಕಾಗಿ ಈ ಬರಹ.

ಮೊದಲು ನೆಲದ ಬಗ್ಗೆ ನಾಲ್ಕು ಮಾತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ನಾಡಿಗೆ ಚರಿತ್ರೆಯ ಪುಸ್ತಕಗಳಲ್ಲಿ ರಾಯಚೂರು ದೋಆಬ್ ಎಂದು ಹೆಸರು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ನಂತರ ಬಿಜಾಪುರದ ಆದಿಲ್‌ಶಾಹಿಗಳೂ ಇದಕ್ಕಾಗಿ ಎರಡು ಶತಮಾನ ಕಾದಾಡಿದರು. ಇಂದು ಸಿಂಧನೂರು ಎಂದರೆ ಭತ್ತ. 1953ರಲ್ಲಿ ತುಂಗಭದ್ರಾ ಜಲಾಶಯವಾಗಿ, ಎಡದಂಡೆ ಕಾಲುವೆಯ ನೀರು ಈ ಎರೆನೆಲಕ್ಕೆ ಹರಿದ ಮೇಲೆ ಜೋಳದ ಊರು ಅಕ್ಕಿಯ ಊರಾಯಿತು. ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. 1970ರ ದಶಕದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ಇಲ್ಲಿಯೇ ನೆಲೆ ಸಿಕ್ಕಿತು. ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಊರು ಇದು. ಬಸ್ಸಿನ ಕಿಟಕಿಯಿಂದ ನೋಡಿದರೆ ಕಾಣುವುದು ಹಸಿರು ಗದ್ದೆ, ರೈಸ್ ಮಿಲ್ಲಿನ ಚಿಮಣಿ, ದೂರದಲ್ಲಿ ಬೋಳು ಗುಡ್ಡ. ಆ ಬೋಳು ಗುಡ್ಡಗಳಲ್ಲೇ ನಮ್ಮ ಕಥೆ ಇರುವುದು. ಕಾಲ್ನಡಿಗೆಯಲ್ಲಿ ಹೋದವರಿಗೆ ಮಾತ್ರ ಅದು ಸಿಗುತ್ತದೆ.

ನಾವು ಇಪ್ಪತ್ತೆರಡು ಜನ ಹೊರಟೆವು. ಬೆಳಗಿನ ಮೊದಲ ಬಸ್ಸು. ಮಸ್ಕಿಯಲ್ಲಿಳಿದು, ಬಜಿಗೆ ಇನ್ನೂ ಎಣ್ಣೆ ಕಾದಿಲ್ಲದ ಹೊತ್ತಿನಲ್ಲಿ ದುರುಗದ ಗುಡ್ಡದ ಕಡೆಗೆ ನಡೆದೆವು. ಜನವರಿಯ ತಿಂಗಳಾದ್ದರಿಂದ ಗಾಳಿ ತಣ್ಣಗಿತ್ತು. ಮನೆ ಗಾತ್ರದ ಬಂಡೆಗಳು ಒಂದರ ಮೇಲೊಂದು ಕೂತಿರುವ ಗುಡ್ಡ ಅದು. ಹೀಗೆ ಬಂಡೆಗಳು ಒರಗಿಕೊಂಡು ಆದ ಗವಿಯಂಥ ಜಾಗವೊಂದರಲ್ಲಿ, ಕಾವಲು ಬಾಗಿಲಿನ ಒಳಗೆ, ಆ ಶಾಸನವಿದೆ. ಅಕ್ಷರಗಳು ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಮೊದಲ ನೋಟಕ್ಕೆ ಯಾರಿಗೂ ಏನೂ ಕಾಣುವುದಿಲ್ಲ ಎಂಬುದು ನಿಜ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೀರುಗಳು ಅಕ್ಷರವಾಗುತ್ತವೆ. ಆದ್ದರಿಂದ ಬೆಳಗಿನ ಹೊತ್ತು ಅಥವಾ ಇಳಿಹೊತ್ತು ಹೋಗುವುದು ಒಳ್ಳೆಯದು.

ಈ ಶಾಸನ ಸಿಕ್ಕಿದ್ದು 1915ರಲ್ಲಿ. ಹುಡುಕಿದವನು ಚರಿತ್ರಕಾರನಲ್ಲ. ನಿಜಾಮನ ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನಕ್ಕಾಗಿ ಗುಡ್ಡ ಸುತ್ತಿದವನಿಗೆ ಅಕ್ಷರ ಸಿಕ್ಕಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಓದಿದಾಗ ವಿದ್ವಾಂಸರ ಲೋಕವೇ ಬೆರಗಾಯಿತು. ಕಾರಣವನ್ನು ಸ್ವಲ್ಪ ವಿವರಿಸಬೇಕು.

ಭಾರತದಾದ್ಯಂತ ಬಂಡೆಗಳ ಮೇಲೂ ಕಂಬಗಳ ಮೇಲೂ ಒಬ್ಬ ಅರಸನ ಆಜ್ಞೆಗಳು ಇದ್ದವು. ಅವುಗಳಲ್ಲಿ ಅವನು ತನ್ನನ್ನು "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂದಷ್ಟೇ ಕರೆದುಕೊಂಡಿದ್ದ. ದೇವರುಗಳಿಗೆ ಪ್ರಿಯನಾದವನು, ಕರುಣೆಯಿಂದ ನೋಡುವವನು ಎಂದು ಸುಮಾರಾಗಿ ಅರ್ಥ. ಇವು ಬಿರುದುಗಳು. ಆದರೆ ಯಾರ ಬಿರುದುಗಳು? 1837ರ ವೇಳೆಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದರು. ಸಿಂಹಳದ ಹಳೆಯ ಬೌದ್ಧ ಗ್ರಂಥಗಳ ಆಧಾರದಿಂದ ಪ್ರಿಯದರ್ಶಿ ಎಂದರೆ ಮೌರ್ಯ ಅಶೋಕನೇ ಎಂದು ಗುರುತಿಸಿದ್ದೂ ಆಗಿತ್ತು. ಆದರೂ ಅದು ಗ್ರಂಥದ ಸಾಕ್ಷಿ, ಕಲ್ಲಿನ ಸಾಕ್ಷಿಯಲ್ಲ. ಮುಕ್ಕಾಲು ಶತಮಾನ ಹಾಗೆಯೇ ಕಳೆಯಿತು. ಮಸ್ಕಿಯ ಬಂಡೆಯ ಮೇಲೆ "ದೇವಾನಂಪಿಯಸ ಅಸೋಕಸ" ಎಂದಿತ್ತು. ಬಿರುದೂ ಹೆಸರೂ ಒಟ್ಟಿಗೆ. ಅಲ್ಲಿಗೆ ವಾದ ಮುಗಿಯಿತು. ನಮ್ಮ ರಾಷ್ಟ್ರಧ್ವಜದ ಚಕ್ರ ಯಾರ ಕಂಬದಿಂದ ಬಂದಿತೋ ಆ ಅರಸನ ಹೆಸರನ್ನು ಜಗತ್ತಿಗೆ ಮೊದಲು ಕಲ್ಲಿನಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಸ್ ಸ್ಟ್ಯಾಂಡಿನ ಊರು! ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, 1970ರ ದಶಕದ ಕೊನೆಯಲ್ಲಿ ತುಂಗಭದ್ರೆಯ ಆಚೆ ದಡದ ಸಿರುಗುಪ್ಪ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲೂ ಅಶೋಕನ ಹೆಸರಿರುವ ಶಾಸನಗಳು ಸಿಕ್ಕಿವೆ. ಹೆಸರಿರುವ ಈ ಬೆರಳೆಣಿಕೆಯ ಕಲ್ಲುಗಳಲ್ಲಿ ಮೂರು ನಮ್ಮ ಹೊಳೆಯ ಎರಡು ದಡಗಳಲ್ಲಿರುವುದು ಗಮನಾರ್ಹ.

ಹುಡುಗರಿಗೆ ಹೆಸರಿನ ಕಥೆ ಹಿಡಿಸಿತು. ನನಗೆ ಹಿಡಿಸಿದ್ದು ಶಾಸನದ ಒಳಗಿನ ಮಾತು. ಅರಸ ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದೂ, ಮೊದಮೊದಲು ಅಷ್ಟೊಂದು ಶ್ರದ್ಧೆ ತೋರಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಅನಂತರ ಹೇಳುವ ಮಾತಿನ ಸಾರ ಇಷ್ಟು: ಧರ್ಮದಲ್ಲಿ ನಡೆದರೆ ಸಿಗುವ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣ ಮನುಷ್ಯನಿಗೂ ಅದು ದಕ್ಕುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿ. ಪಾಟಲೀಪುತ್ರದ ಚಕ್ರವರ್ತಿ ಇಷ್ಟು ದೂರದ ಬಂಡೆಯ ಮೇಲೆ ಬರೆಯಿಸಬೇಕೆಂದುಕೊಂಡದ್ದು ತೆರಿಗೆಯ ಲೆಕ್ಕವನ್ನಲ್ಲ, ಗೆಲುವಿನ ಪಟ್ಟಿಯನ್ನಲ್ಲ. ನಾನು ಇದನ್ನು ವಿವರಿಸುತ್ತಿದ್ದಾಗ ಮಿರ್ಚಿ ಬಜಿಯ ಹುಡುಗ, "ಅಂದ್ರ ಇದು ನಮಗ ಬರ್ದದ್ದು" ಎಂದ. ಯಾವ ಪ್ರೊಫೆಸರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು.

ಆದರೆ ಅಶೋಕನ ಆಳುಗಳು ಈ ಕಾಡುಗುಡ್ಡವನ್ನೇ ಏಕೆ ಆರಿಸಿಕೊಂಡರು? ಉತ್ತರ ಸರಳ. ಅದು ಕಾಡಾಗಿರಲಿಲ್ಲ, ಇಲ್ಲಿ ಜನರಿದ್ದರು. ಕೆಳಗೆ ಮಸ್ಕಿ ಹಳ್ಳ ಹರಿದು ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಹಳ್ಳದ ನೀರು, ಹತ್ತಿ ಕೂಡಲು ಗುಡ್ಡ, ಬಿತ್ತಲು ಎರೆಹೊಲ ಮೂರೂ ಒಂದೇ ಕಡೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಇಲ್ಲಿ ಓಡಾಡಿ ಹಳೆಯ ಕಾಲದ ಕುರುಹುಗಳನ್ನು ಗುರುತಿಸಿದ್ದರು. 1954ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಬಿ. ಕೆ. ಥಾಪರ್ ಉತ್ಖನನ ನಡೆಸಿದಾಗ ಪದರ ಪದರವಾಗಿ ನಾಲ್ಕು ಕಾಲಗಳು ಹೊರಬಂದವು. ಅತ್ಯಂತ ಕೆಳಗೆ ಕಲ್ಲಿನ ಸಣ್ಣ ಅಲಗುಗಳನ್ನೂ ಸ್ವಲ್ಪ ತಾಮ್ರವನ್ನೂ ಬಳಸುತ್ತಿದ್ದ ಜನ, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಗಳ ಜನ, ಅದರ ಮೇಲೆ ಶಾತವಾಹನರ ಸುಮಾರಿನವರು, ಕೊನೆಗೆ ಮಧ್ಯಯುಗ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕ ಮತ್ತು ಕೆನಡಾದ ವಿದ್ವಾಂಸರು ನಮ್ಮ ದೇಶದ ಸಂಶೋಧಕರೊಡನೆ ಸೇರಿ ಸುತ್ತಣ ಹೊಲಗುಡ್ಡಗಳನ್ನು ಹೆಜ್ಜೆ ಹೆಜ್ಜೆಯಾಗಿ ಪರಿಶೀಲಿಸಿದ್ದಾರೆ. ಅಂದರೆ ಅವರು ಮಾಡಿದ್ದೂ ಕಾಲ್ನಡಿಗೆಯನ್ನೇ. ಹನ್ನೊಂದನೆಯ ಶತಮಾನದ ಚಾಲುಕ್ಯ ಶಾಸನಗಳಲ್ಲಿ ಊರಿನ ಹೆಸರು "ಪಿರಿಯ ಮೊಸಂಗಿ". ಚಾಲುಕ್ಯ ಜಯಸಿಂಹನಿಗೂ ಚೋಳ ರಾಜೇಂದ್ರನಿಗೂ ಯುದ್ಧ ನಡೆದ ಮುಶಂಗಿ ಇದೇ ಎಂದು ಹಲವು ಚರಿತ್ರಕಾರರ ಅಭಿಪ್ರಾಯ.

ಮತ್ತೊಂದು ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿಯಿದೆ. ಸುತ್ತಲಿನ ಭಕ್ತರು ಇದನ್ನು ಎರಡನೆಯ ಶ್ರೀಶೈಲವೆನ್ನುತ್ತಾರೆ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಒಂದು ಕಡೆ ಕಾಲುವೆಯ ಹಸಿರು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಕಂದುಬಣ್ಣದ ಹೊಲ. ಎರಡರ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಈ ನೋಟಕ್ಕಾಗಿಯಾದರೂ ಹತ್ತಬೇಕು.

ಬೀಡನ್ ಹುಡುಕುತ್ತಿದ್ದ ಚಿನ್ನದ ಮಾತು ಇನ್ನೂ ಉಳಿದಿದೆ. ಮಸ್ಕಿಯಿಂದ ಹಟ್ಟಿಯವರೆಗೆ, ಸುತ್ತಲಿನ ಬಿಳಿ ಗ್ರಾನೈಟ್ ಬಂಡೆಗಳ ನಡುವೆ, ಕಪ್ಪು ಹಸಿರು ಬಣ್ಣದ ಬೇರೆ ಜಾತಿಯ ಹಳೆಯ ಶಿಲೆಯ ಪಟ್ಟಿಯೊಂದು ಹಾಯ್ದಿದೆ. ಭೂವಿಜ್ಞಾನಿಗಳು ಅದನ್ನು ಹಟ್ಟಿ-ಮಸ್ಕಿ ಪಟ್ಟಿ ಎನ್ನುತ್ತಾರೆ. ಆ ಶಿಲೆಯ ಬಿರುಕುಗಳಲ್ಲಿ ತುಂಬಿಕೊಂಡ ಬೆಣಚುಕಲ್ಲಿನಲ್ಲಿ ಚಿನ್ನದ ಕಣಗಳಿವೆ. ಹಟ್ಟಿಯಲ್ಲಿ ಆಧುನಿಕ ಗಣಿಗಾರರು ಇಳಿದಾಗ ಅವರಿಗಿಂತ ಮೊದಲೇ ಯಾರೋ ಇಳಿದಿದ್ದರು. ಹಳೆಯ ಸುರಂಗಗಳು ಆರುನೂರು ಅಡಿಗೂ ಮೀರಿದ ಆಳಕ್ಕೆ ಹೋಗಿದ್ದವು. ಅಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದು ಪರೀಕ್ಷೆಯಿಂದ ಗೊತ್ತಾಗಿದೆ. ಸಿಡಿಮದ್ದಿಲ್ಲದ ಕಾಲ. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಬಿರುಕು ಬಿಡಿಸಿ, ಕಲ್ಲನ್ನು ಹೊತ್ತು ಮೇಲೆ ತರುತ್ತಿದ್ದರು. ಆ ಹೊಗೆಯಲ್ಲಿ, ಆ ಕತ್ತಲಲ್ಲಿ ದುಡಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿಯಾಗಿ ಉಳಿದದ್ದು ಹಟ್ಟಿಯೇ. ಗಣಿಯ ಒಳಗೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಊರ ಹೊರಗಿನ ಬಿಳಿ ಮಣ್ಣಿನ ದಿಬ್ಬಗಳನ್ನು ರಸ್ತೆಯಿಂದಲೇ ನೋಡಬಹುದು. ಗಣಿಯಿಂದ ಬಂದ ಕಲ್ಲನ್ನು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದದ್ದು ಅದು.

ಇಲ್ಲಿ ಸ್ವಲ್ಪ ದೂರ ಹೋಗಿ ಬರಲು ಓದುಗರ ಅನುಮತಿ ಬೇಡುತ್ತೇನೆ. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೋ ದೆ ಕಾಂಪೊಸ್ತೆಲಾ ಎಂಬ ಯಾತ್ರಾಸ್ಥಳವಿದೆ. ಪ್ರೇಷಿತರಾದ ಸಂತ ಯಕೋಬರ ಸಮಾಧಿ ಅಲ್ಲಿದೆ ಎಂಬುದು ಪರಂಪರೆ. ಮಧ್ಯಯುಗದಲ್ಲಿ ಯೂರೋಪಿನ ಎಲ್ಲ ಕಡೆಯಿಂದ ಜನ ನಡೆದು ಅಲ್ಲಿಗೆ ಹೋಗುತ್ತಿದ್ದರು. ಕಾಲ ಕಳೆದಂತೆ ದಾರಿಯ ಗುರುತು ಮಾಸಿತು. ನದಿ ಕಣಿವೆಗಳ ಹಳ್ಳಿಗಳು ಬರಿದಾದವು. 1980ರ ದಶಕದ ಆರಂಭದಲ್ಲಿ ಓ ಸೆಬ್ರೇರೋ ಎಂಬ ಪುಟ್ಟ ಬೆಟ್ಟದೂರಿನ ಧರ್ಮಕೇಂದ್ರದ ಗುರುಗಳಾಗಿದ್ದವರು ಎಲಿಯಾಸ್ ವಲಿನ್ಯಾ. ಅವರು ಹಳೆಯ ದಾರಿಯನ್ನು ಅಧ್ಯಯನ ಮಾಡಿದ್ದರು. ಅಧ್ಯಯನ ಸಾಲದೆಂದು ತೋರಿರಬೇಕು. ಹಳದಿ ಬಣ್ಣ ಹಿಡಿದು, ಕವಲು ದಾರಿಗಳಲ್ಲಿ ಬಾಣದ ಗುರುತು ಬರೆಯುತ್ತಾ ಹೋದರು. ಅವರು 1989ರಲ್ಲಿ ತೀರಿಕೊಂಡರು. ಆ ಹಳದಿ ಬಾಣವೇ ಇಂದು ಆ ದಾರಿಯ ಲಾಂಛನ. 2024ರಲ್ಲಿ ಕಾಂಪೊಸ್ತೆಲಾ ತಲುಪಿ ಹೆಸರು ಬರೆಯಿಸಿದವರು ಸುಮಾರು ಐದು ಲಕ್ಷ. ಬರಿದಾಗುತ್ತಿದ್ದ ಹಳ್ಳಿಗಳಲ್ಲಿ ಈಗ ಯಾತ್ರಿಕರಿಗೆ ಊಟ ಹಾಕುವ ಮನೆಗಳಿವೆ, ಹಳೆಯ ಸೇತುವೆಗಳನ್ನು ಕಾಯುವವರಿದ್ದಾರೆ. ನಡೆಯುವವರು ಬಂದರೆ ದಾರಿ ಉಳಿಯುತ್ತದೆ, ದಾರಿ ಉಳಿದರೆ ದಾರಿಬದಿಯ ಕಲ್ಲೂ ಉಳಿಯುತ್ತದೆ. ಇದನ್ನು ನಾನು ಮಸ್ಕಿಯ ಗುಡ್ಡದ ಮೇಲೆ ಕೂತು ಹುಡುಗರಿಗೆ ಹೇಳಿದ್ದು ತಪ್ಪಾಯಿತೇನೋ. ಅದರ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಮರುದಿನ ಮುದಗಲ್ಲು. ಲಿಂಗಸುಗೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಕೋಟೆಗೆ ಮೊದಲು ಪಿಕಳಿಹಾಳದ ಗುಡ್ಡಗಳಿಗೆ ಹೋಗಬೇಕೆಂಬುದು ನನ್ನ ಹಟ. 1952ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಇಲ್ಲಿ ಅಗೆದು ನೋಡಿ, 1960ರಲ್ಲಿ ವರದಿ ಪ್ರಕಟಿಸಿದರು. ಕ್ರಿಸ್ತನಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನಗಾಹಿಗಳು ನೆಲೆಸಿದ್ದರು. ನಮ್ಮ ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳು ಕಾಣುತ್ತವೆ. ಹಿರಿಯರು ಅವನ್ನು ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಪರೀಕ್ಷಿಸಿದಾಗ ತಿಳಿದದ್ದು ಅದು ಸಗಣಿಯ ಬೂದಿ. ದನದ ದೊಡ್ಡಿಗಳಲ್ಲಿ ವರ್ಷಾನುಗಟ್ಟಲೆ ಸೇರಿದ ಸಗಣಿಗೆ ಆ ಜನ ಮತ್ತೆ ಮತ್ತೆ ಬೆಂಕಿಯಿಟ್ಟಿದ್ದರು. ಏಕೆಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ. ಹಬ್ಬದ ಆಚರಣೆ ಎನ್ನುವವರೇ ಹೆಚ್ಚು.

ಪಿಕಳಿಹಾಳದಲ್ಲಿ ನೋಡಬೇಕಾದದ್ದು ಬಂಡೆಗಳ ಮೇಲಿನ ಚಿತ್ರ. ಬಣ್ಣದವೂ ಇವೆ, ಕಲ್ಲಿನಿಂದ ಕುಟ್ಟಿ ಮೂಡಿಸಿದವೂ ಇವೆ. ಹೆಚ್ಚಿನವು ಎತ್ತು, ಹೋರಿ. ಡುಬ್ಬ ಎದ್ದು, ಕೋಡು ಉದ್ದಕ್ಕೆ ಬಾಗಿವೆ. ನಾವು ಅರ್ಧ ತಾಸು ಅಲೆದರೂ ಏನೂ ಸಿಕ್ಕಿರಲಿಲ್ಲ. ಕುರಿ ಕಾಯುತ್ತಿದ್ದ ಅಜ್ಜನೊಬ್ಬ ನಮ್ಮ ಪರದಾಟ ನೋಡಿ, ಬೀಡಿ ಕೆಳಗಿಟ್ಟು, ಕೋಲಿನಿಂದ ತೋರಿಸಿದ: "ಅಲ್ಲಿ ನೋಡ್ರಿ, ಹೋರಿ." ತೋರಿಸಿದ ಮೇಲೆ ಒಂದಲ್ಲ, ಹತ್ತು ಕಂಡವು. ಯಾರು ಮಾಡಿದ್ದು ಎಂದು ಕೇಳಿದೆ. "ನಮ್ಮಂಥೋರs. ದನ ಬಿಟ್ಕೊಂಡು ಕುಂತಾಗ ಹೊತ್ತು ಹೋಗಬೇಕಲ್ರೀ." ವರದಿಯಲ್ಲಿ ಪುಟಗಟ್ಟಲೆ ಬರೆದದ್ದಕ್ಕಿಂತ ಇದು ಬೇರೆಯಲ್ಲ ಎನ್ನಿಸಿತು.

ಮುದಗಲ್ಲಿನ ಕೋಟೆಯ ಬಗ್ಗೆ ಬಹಳ ಹೇಳಬಹುದು, ಸ್ವಲ್ಪವೇ ಹೇಳುತ್ತೇನೆ. ಅಗಲವಾದ ಕಂದಕ, ಎರಡು ಸುತ್ತಿನ ಗೋಡೆ, ಉತ್ತರಕ್ಕೆ ಮುಖ ಮಾಡಿದ ಫತೇ ದರ್ವಾಜಾ, ಒಳಗೆ ಗುಡ್ಡದ ಮೇಲೆ ಬಾಲಾ ಹಿಸ್ಸಾರ್. ಹಿಂದೂ ಮಾದರಿಯ ಕಂಬದ ಪಕ್ಕದಲ್ಲೇ ಬಿಜಾಪುರದ ಕಮಾನು, ಕನ್ನಡ ಶಾಸನದ ಹತ್ತಿರವೇ ಪಾರ್ಸಿ ಶಾಸನ. ಗೆದ್ದವರೆಲ್ಲ ಸೋತವರ ಗೋಡೆಯ ಮೇಲೇ ಕಟ್ಟಿದ್ದಾರೆ. 1406ರ ಯುದ್ಧದ ಬಗ್ಗೆ ಫಿರಿಶ್ತಾ ಎಂಬ ಚರಿತ್ರಕಾರ ಒಂದು ಕಥೆ ಬರೆದಿದ್ದಾನೆ. ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ರೂಪದ ವರ್ಣನೆ ಕೇಳಿ ವಿಜಯನಗರದ ದೇವರಾಯ ಅವಳನ್ನು ತರಲು ದಂಡು ಕಳಿಸಿದನಂತೆ, ಅವಳು ಮನೆಯವರೊಂದಿಗೆ ತಪ್ಪಿಸಿಕೊಂಡಳಂತೆ, ಅದೇ ನೆಪವಾಗಿ ಬಹಮನಿ ಫಿರೋಜ್ ಷಾ ಯುದ್ಧ ಹೂಡಿ ಗೆದ್ದನಂತೆ, ಕೊನೆಗೆ ಅವಳನ್ನು ತನ್ನ ಮಗನಿಗೆ ತಂದುಕೊಂಡನಂತೆ. ಇದರಲ್ಲಿ ಎಷ್ಟು ನಿಜವೋ! ಆ ಹುಡುಗಿಯನ್ನು ಮಾತ್ರ ಯಾರೂ ಏನೂ ಕೇಳಿದಂತಿಲ್ಲ. ನಮ್ಮ ಗುಂಪಿನ ಹೆಣ್ಣುಮಕ್ಕಳು ಈ ಕಥೆ ಕೇಳಿ ನಗಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದಾಗ ದೋಆಬ್ ವಿಜಯನಗರದ್ದಾಯಿತು. 1565ರ ಯುದ್ಧದ ನಂತರ ಬಿಜಾಪುರದ್ದಾಯಿತು.

ಇದೇ ಬಿಜಾಪುರದ ಆಳ್ವಿಕೆಗೆ ಸಂಬಂಧಿಸಿದ, ನಮಗೆ ಹತ್ತಿರದ ಇನ್ನೊಂದು ಕುರುಹು ಮುದಗಲ್ಲಿನಲ್ಲಿದೆ. ಅಲ್ಲಿನ ಕಥೋಲಿಕ ಸಮುದಾಯ ಬಹಳ ಹಳೆಯದು. ಗೋವಾದಿಂದ ಬಂದ ಮಿಷನರಿ ಗುರುಗಳಿಂದ ಅದು ಆರಂಭವಾಯಿತೆಂದೂ, ದೇವಾಲಯವನ್ನು 1557ಕ್ಕೂ ಮೊದಲೇ ಕಟ್ಟಲಾಗಿತ್ತೆಂದೂ ನಿಜಾಮರ ಕಾಲದ ಗೆಜೆಟಿಯರ್ ದಾಖಲಿಸುತ್ತದೆ. ಸುಲ್ತಾನರ ಕೋಟೆಯ ಊರಿನಲ್ಲಿ ಗಂಟೆ ಬಾರಿಸಲು ಅವಕಾಶವಿತ್ತು ಎಂಬುದನ್ನು ಯುವಜನರು ತಿಳಿಯಬೇಕು. ಅದೇ ಊರಿನ ಮೊಹರಂ ನಾಡಿನಲ್ಲೆಲ್ಲ ಪ್ರಸಿದ್ಧ. ಹುಸೇನಿ ಆಲಂ ದರ್ಗಾದ ಮುಂದೆ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಸೇರುತ್ತಾರೆ, ಆಂಧ್ರ ಮಹಾರಾಷ್ಟ್ರಗಳಿಂದಲೂ ಜನ ಬರುತ್ತಾರೆ.

ಕೋಟೆಯ ಬುರುಜಿನ ಮೇಲೆ ಒಂದು ಮುಜುಗರದ ಸಂಗತಿ ನಡೆಯಿತು. ಗೋಡೆಯ ತುಂಬ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ಮೊಬೈಲ್ ನಂಬರುಗಳು. ನಮ್ಮವರಲ್ಲೊಬ್ಬ ಕೀಲಿಕೈ ತೆಗೆದು ಗೀಚಲು ಹೋದ. ಗದರಿಸಲು ಬಾಯಿ ತೆರೆದೆ. ಆದರೆ ನನಗೆ ನೆನಪಾದದ್ದು ನಾನೇ. ಗುರುಮಠದಲ್ಲಿ ಓದುತ್ತಿದ್ದಾಗ ಪ್ರವಾಸಕ್ಕೆ ಹೋದ ಕೋಟೆಯೊಂದರಲ್ಲಿ ನಾನೂ ನನ್ನ ಹೆಸರಿನ ಮೊದಲಕ್ಷರವನ್ನೂ ಇಸವಿಯನ್ನೂ ಮೊಳೆಯಿಂದ ಕೊರೆದಿದ್ದೆ. ಮೂರು ವರ್ಷದ ಹಿಂದೆ ಮತ್ತೆ ಅಲ್ಲಿಗೆ ಹೋದಾಗ ಅದು ಹಾಗೆಯೇ ಇತ್ತು, ಒಂದು ಹಳೆಯ ಕನ್ನಡ ಅಕ್ಷರದ ಸಾಲಿನ ಸರಿಯಾಗಿ ಮೇಲೆ. ನಾನು ಕೊರೆದಾಗ ಆ ಸಾಲು ನನಗೆ ಕಂಡಿರಲೇ ಇಲ್ಲ. ಅದನ್ನು ಆ ಹುಡುಗನಿಗೆ ಹೇಳಿದೆ. ಅವನು ಕೀಲಿಕೈ ಜೇಬಿಗಿಟ್ಟ.

ಗೀಚುವವರಿಗಿಂತ ಅಗೆಯುವವರು ಅಪಾಯಕಾರಿ. ಹಳೆಯ ಗುಡಿ, ಹಳೆಯ ಗೋರಿ ಕಂಡಲ್ಲೆಲ್ಲ ನಿಧಿಯಿದೆ ಎಂಬ ಭ್ರಮೆ ನಮ್ಮ ಕಡೆ ಬಲವಾಗಿದೆ. ಅಮಾವಾಸ್ಯೆಯ ರಾತ್ರಿ ಗುಂಡಿ ತೋಡಿ, ನಿಂಬೆಹಣ್ಣು ಕುಂಕುಮ ಬಿಟ್ಟು ಹೋಗುತ್ತಾರೆ. ಶಿಲಾಗೋರಿಯಲ್ಲಿ ಸಿಗುವುದು ಮಡಕೆಯ ಚೂರು, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಕಳ್ಳನಿಗೆ ಅದರಿಂದ ಕಾಸಿನ ಲಾಭವಿಲ್ಲ. ಆದರೆ ಒಮ್ಮೆ ಕಲಸಿಹೋದ ಪದರಗಳನ್ನು ಮತ್ತೆ ಯಾವ ಥಾಪರರೂ ಓದಲಾರರು. ಹಗಲಲ್ಲಿ ನಾಲ್ಕು ಜನ ಓಡಾಡುವ ಗುಡ್ಡದಲ್ಲಿ ಇದು ಅಷ್ಟು ಸುಲಭವಲ್ಲ. ನಾನು ನಡಿಗೆಯನ್ನು ಇಷ್ಟು ಹೊಗಳುವುದಕ್ಕೆ ಇದೂ ಒಂದು ಕಾರಣ.

ಲಿಂಗಸುಗೂರಿನಲ್ಲಿ ನಿಲ್ಲುವವರು ಛಾವಣಿಯ ಕಡೆ ಒಂದು ಸುತ್ತು ಹಾಕಬಹುದು. ಹೈದರಾಬಾದ್ ಕಾಂಟಿಂಜೆಂಟಿನ ದಂಡು ಇಲ್ಲಿತ್ತು. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು ಎಂದರೆ ಇಂದಿನವರು ನಂಬಲಾರರು. ಅಲ್ಲಿಂದ ಉತ್ತರಕ್ಕೆ ಕೃಷ್ಣೆ ಕವಲೊಡೆದು ನಡುಗಡ್ಡೆ ಮಾಡಿದ ಕಡೆ ಜಲದುರ್ಗದ ಕೋಟೆ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ಹೊಳೆ, ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದ ಗೇಟು ತೆರೆದರೆ ಶೀಲಹಳ್ಳಿ ಸೇತುವೆಯನ್ನೇ ನುಂಗುತ್ತದೆ. ನಡುಗಡ್ಡೆಯ ಜನಕ್ಕೆ ಆಗ ಊರಿಗೆ ಬರುವುದೇ ಕಷ್ಟ. ನಮಗೆ ಅದು ನೋಟ, ಅವರಿಗೆ ಅದು ಆಸ್ಪತ್ರೆಯ ದಾರಿ. ಇದನ್ನು ಮರೆತು ಫೋಟೋ ತೆಗೆಯಲು ನೀರಿಗಿಳಿಯಬೇಡಿ.

ಹೋಗುವವರಿಗೆ ಕೆಲವು ಸೂಚನೆಗಳು. ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಹೊರಡಿ. ಏಪ್ರಿಲ್ ಮೇ ತಿಂಗಳಲ್ಲಿ ಈ ಬಂಡೆಗಳ ಮೇಲೆ ರೊಟ್ಟಿ ಬೇಯಿಸಬಹುದು. ತಲೆಗೆ ಟವೆಲ್ಲು, ಕಾಲಿಗೆ ಬೂಟು, ತಲೆಗೆ ಎರಡು ಲೀಟರಿನಂತೆ ನೀರು. ಗುಡ್ಡದ ಮೇಲೆ ಅಂಗಡಿಯಿಲ್ಲ. ಸಂದಿಗಳಲ್ಲಿ ಕೈ ಹಾಕಬೇಡಿ, ಚೇಳು ಹಾವು ಇರುತ್ತವೆ. ಕರಡಿ, ಚಿರತೆಯ ಸುದ್ದಿಯಿದೆಯೇ ಎಂದು ಊರವರನ್ನು ಕೇಳಿಯೇ ಹತ್ತಿ. ಜೋಳ ತೆನೆಗಟ್ಟಿದ ಹೊಲದಲ್ಲಿ ಹಾಯಬೇಡಿ, ಬದುವಿನ ಮೇಲೆ ನಡೆಯಿರಿ. ಬನದ ಹುಣ್ಣಿಮೆಯ ಸುಮಾರಿಗೆ ಹೊರಟರೆ ಸಿಂಧನೂರು ತಾಲೂಕಿನ ಸೋಮಲಾಪುರದ ಅಂಬಾಮಠದ ಜಾತ್ರೆಯೂ ಸಿಗುತ್ತದೆ. "ಜ್ಞಾನಸಿಂಧು" ಬರೆದ ಚಿದಾನಂದಾವಧೂತರ ನೆಲೆ ಅದು. ಎತ್ತಿನ ಗಾಡಿಗಳ ಸಾಲು ಈಗ ಟ್ರ್ಯಾಕ್ಟರುಗಳ ಸಾಲಾಗಿದೆ, ಜನ ಮಾತ್ರ ಕಡಿಮೆಯಾಗಿಲ್ಲ.

ಹಳದಿ ಬಾಣದ ಪರಿಣಾಮ ಹೇಳುತ್ತೇನೆಂದಿದ್ದೆ. ಊರಿಗೆ ಮರಳಿದ ಮರುವಾರವೇ ಯುವಜನರು ಹಳದಿ ಪೇಂಟಿನ ಡಬ್ಬಿಯೊಂದಿಗೆ ಬಂದು ನಿಂತರು. ದುರುಗದ ಗುಡ್ಡದಿಂದ ಪಿಕಳಿಹಾಳದವರೆಗೆ ಬಂಡೆ ಬಂಡೆಗೂ ಬಾಣ ಬರೆಯುತ್ತಾರಂತೆ! ಎರಡು ಸಾವಿರ ವರ್ಷದ ಅಕ್ಷರದ ಪಕ್ಕದಲ್ಲಿ ಪೇಂಟು ಬಳಿದರೆ ಪುರಾತತ್ವ ಇಲಾಖೆಯವರು ಮೊದಲು ನನ್ನನ್ನೇ ಕರೆಯುತ್ತಾರೆ ಎಂದು ಹೇಳಿ ಡಬ್ಬಿ ಇಸಿದುಕೊಂಡೆ. ಅದರ ಬದಲು ಅವರು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ನಕ್ಷೆ ಬರೆದರು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಬೇವಿನ ಮರದ ಹತ್ತಿರ ತಿರುಗಬೇಕು, ಎಲ್ಲಿ ಬಾವಿಯಿದೆ ಎಂದೆಲ್ಲ ಗುರುತಿಸಿದ್ದಾರೆ. ಪಿಕಳಿಹಾಳದ ಹೋರಿಯನ್ನೂ ಬರೆದಿದ್ದಾರೆ, ಬಾಲ ಮಾತ್ರ ಮರೆತಿದ್ದಾರೆ. ಮಸ್ಕಿಯ ಹತ್ತಿರ ಅಶೋಕನ ಶಾಸನಕ್ಕೊಂದು ಚುಕ್ಕೆ, ಅದರ ಪಕ್ಕದಲ್ಲಿ ಬಜಿ ಅಂಗಡಿಗೂ ಒಂದು ಚುಕ್ಕೆ ಇದೆ. ನಕ್ಷೆಯನ್ನು ದೇವಾಲಯದ ನೋಟಿಸ್ ಬೋರ್ಡಿಗೆ ಹಚ್ಚಿದ್ದೇವೆ. ಪೇಂಟಿನ ಡಬ್ಬಿ ಇನ್ನೂ ನನ್ನ ಕೋಣೆಯಲ್ಲೇ ಇದೆ. ಗೇಟಿಗಾದರೂ ಬಳಿಯಬೇಕು.